ಶನಿವಾರ ಕಪ್ಪಾಗುತ್ತಿದ್ದ ಮ್ಯಾಂಗನೀಸ್

ತಗಡಿನ ಮೇಲೆ ಚೆನ್ನಾಗಿ ಕೂತ ಮ್ಯಾಂಗನೀಸ್ ಸದ್ದು ಮಾಡುವುದಿಲ್ಲ. ಕರೆಂಟು ನಿಲ್ಲಿಸಿ ತಗಡನ್ನು ತೊಟ್ಟಿಯಿಂದ ಮೇಲೆತ್ತಿದರೆ ಬೂದು ಹೊಳಪಿನ ಮೇಲಿಂದ ನೀರು ಸುಮ್ಮನೆ ಇಳಿದುಹೋಗುತ್ತದೆ. ಕೆಟ್ಟದ್ದಾದರೆ ಎತ್ತುವ ಮೊದಲೇ ತಿಳಿಯುತ್ತದೆ. ತೊಟ್ಟಿಯೊಳಗೆ ಸೊರ್ ಎಂದು, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ ಸದ್ದು. ಹಿಂದಿನ ದಿನವೆಲ್ಲ ಕಷ್ಟಪಟ್ಟು ಕೂರಿಸಿದ ಲೋಹ ಮತ್ತೆ ದ್ರಾವಣಕ್ಕೇ ಕರಗಿಹೋಗುತ್ತಿರುವ ಸದ್ದು ಅದು. ಅರವತ್ತರ ದಶಕದ ಆರಂಭದಲ್ಲಿ, ಜಯನಗರದ ಮನೆಗಳು ಮುಗಿದು ಹೊಲಗಳು ಶುರುವಾಗುತ್ತಿದ್ದ ಕಡೆ, ಕಲ್ನಾರು ಶೀಟಿನ ಒಂದು ಷೆಡ್ಡಿನಲ್ಲಿ ನಾನು ಆ ಸದ್ದನ್ನು ಎರಡು ತಿಂಗಳು ಕೇಳಿದೆ.

ಷೆಡ್ಡಿನ ಮಾಲೀಕರು ಅದಿರಿನ ವ್ಯಾಪಾರಿ. ಅವರ ಒಳ್ಳೆಯ ಅದಿರು ಹಡಗು ಹತ್ತಿ ಹೋಗುತ್ತಿತ್ತು. ಮಣ್ಣು, ಕಬ್ಬಿಣ ಎಲ್ಲ ಬೆರೆತ ಕಳಪೆ ಅದಿರು ಚಿತ್ರದುರ್ಗದ ಕಡೆಯ ಗಣಿಗಳ ಬಳಿ ಗುಡ್ಡೆ ಗುಡ್ಡೆ ಬಿದ್ದಿತ್ತು. ಯಾರೂ ಕೊಳ್ಳದ ಆ ಗುಡ್ಡೆಯಿಂದ ವಿದ್ಯುತ್ತಿನ ಮೂಲಕ ಶುದ್ಧ ಲೋಹ ತೆಗೆಯಬಹುದು ಎಂದು ಅವರ ತಲೆಗೆ ತುಂಬಿದವರು ಬಸವನಗುಡಿಯ ಒಬ್ಬ ನಿವೃತ್ತ ಪ್ರೊಫೆಸರು. ಪ್ರೊಫೆಸರು ವಾರಕ್ಕೆ ಎರಡು ದಿನ ಕೊಡೆ ಹಿಡಿದು ನಡೆದೇ ಬರುತ್ತಿದ್ದರು. ದಿನದಿನದ ಕೆಲಸ ನನ್ನದು. ನಾನು ಬಿ.ಎಸ್ಸಿ. ಮುಗಿಸಿ ಒಂದು ವರ್ಷವಾಗಿತ್ತು. ನಮ್ಮಪ್ಪ ಜಯನಗರದ ಮನೆಗಳಿಗೆ ಚಪ್ಪಡಿ ಕಲ್ಲು ಕಡಿದು ಕೊಡುತ್ತಿದ್ದವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನು ಈಗಲೂ ಹೆಮ್ಮೆಯಿಂದಲೇ ಬರೆಯುತ್ತೇನೆ. ಆ ಹೆಮ್ಮೆ ಒಂದು ಕಡೆ ನನ್ನ ಕಣ್ಣು ಕಟ್ಟಿತು ಎನ್ನುವುದನ್ನೂ ಬರೆಯಬೇಕು.

ನನ್ನ ಜೊತೆಗೆ ಇಬ್ಬರಿದ್ದರು. ಒಬ್ಬ ಮೇಸ್ತ್ರಿ. ಕುಲುಮೆ, ಮೋಟರು, ಪಂಪು ಯಾವುದನ್ನಾದರೂ ಕಿವಿಯಿಟ್ಟು ಕೇಳಿಯೇ ರೋಗ ಹೇಳುತ್ತಿದ್ದ ಮನುಷ್ಯ. ಇನ್ನೊಬ್ಬರು ತೊಟ್ಟಿಯಿದ್ದ ಕೋಣೆಯನ್ನು, ನಮ್ಮ ಮಾತಿನಲ್ಲಿ ತೊಟ್ಟಿಮನೆಯನ್ನು, ಗುಡಿಸಿ ತೊಳೆದು ನೋಡಿಕೊಳ್ಳುತ್ತಿದ್ದ ಹೆಂಗಸು. ಯಡಿಯೂರಿನವರು, ಹಾಗಾಗಿ ಎಲ್ಲರಿಗೂ ಯಡಿಯೂರಮ್ಮ. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲ ಆ ಹೊತ್ತಿಗೆ ಜಯನಗರದ ಸೈಟುಗಳಾಗಿ ಹೋಗಿತ್ತು.

ಮಾಲೀಕರು ನಮಗೆ ಹಾಕಿದ ಕರಾರು ಒಂದೇ. ಉಕ್ಕಿನ ಕಾರ್ಖಾನೆಯೊಂದರ ಎಂಜಿನಿಯರುಗಳು ಎರಡು ತಿಂಗಳ ಮೇಲೆ ಬರುತ್ತಾರೆ. ಅವರ ಮುಂದೆ ಎಡೆಬಿಡದೆ ಹತ್ತು ದಿನ ತೆಗೆದ ಲೋಹ ಇಡಬೇಕು. ಹತ್ತೂ ದಿನದ್ದು ಒಂದೇ ಗುಣದ್ದಿರಬೇಕು.

"ಒಂಬತ್ತು ದಿನ ಬಂತು ಸಾರ್, ಒಂದು ದಿನ ಕೆಟ್ಟೋಯ್ತು ಅಂತ ಕತೆ ಹೇಳ್ಬೇಡ ನನ್ ಹತ್ರ," ಎಂದರು ಮಾಲೀಕರು. "ಆಗ್ಲಿಲ್ವಾ, ಷೆಡ್ಡಿಗೆ ಬೀಗ. ಆಮೇಲೆ ನಿಮ್ ದಾರಿ ನಿಮ್ದು, ನನ್ ದಾರಿ ನಂದು."

ಕೆಲಸದ ಕ್ರಮ ಹೀಗೆ. ಅದಿರನ್ನು ಪುಡಿಮಾಡಿ, ಇದ್ದಿಲ ಪುಡಿ ಬೆರೆಸಿ, ಕುಲುಮೆಯಲ್ಲಿ ಹುರಿಯಬೇಕು. ಕಪ್ಪು ಅದಿರು ಹಸಿರು ಬೆರೆತ ಬೂದುಬಣ್ಣಕ್ಕೆ ತಿರುಗಿದರೆ ಆಸಿಡ್ಡಿನಲ್ಲಿ ಕರಗುತ್ತದೆ, ಇಲ್ಲವಾದರೆ ಕರಗುವುದಿಲ್ಲ. ಹುರಿದದ್ದನ್ನು ಬಿಸಿಯಿರುವಾಗ ಗಾಳಿಗೆ ತೆರೆದರೆ ಅದು ಮತ್ತೆ ಹಳೆಯ ಗುಣಕ್ಕೇ ಹೋಗುತ್ತದೆ. ಮುಚ್ಚಳ ಬಿಗಿದ ಡ್ರಮ್ಮಿನಲ್ಲೇ ಆರಬೇಕು. ಆಮೇಲೆ ಗಂಧಕಾಮ್ಲದಲ್ಲಿ ಕರಗಿಸಿ, ಅಮೋನಿಯಾ ಹಾಕಿ ಹುಳಿ ಮುರಿದರೆ ಕಬ್ಬಿಣ ಕಂದು ಗಸಿಯಾಗಿ ಕೆಳಗಿಳಿಯುತ್ತದೆ. ಕೊನೆಗೆ ಸಲ್ಫೈಡು ಹಾಕಿ ತಾಮ್ರ, ನಿಕ್ಕಲ್, ಕೋಬಾಲ್ಟು ಇವನ್ನೆಲ್ಲ ಕಪ್ಪು ಮಸಿಯಾಗಿಸಿ ಸೋಸಬೇಕು. ಉಳಿಯುವುದು ತಿಳಿ ಗುಲಾಬಿ ಬಣ್ಣದ ದ್ರಾವಣ. ಈ ಕೊನೆಯ ಹಂತದಲ್ಲಿ ಏಳುವ ವಾಸನೆ ಬಟ್ಟೆಗೆ ಹತ್ತಿದರೆ ಬಿಡದು. ಒಂದು ಸಂಜೆ ಬಸ್ಸಿನಲ್ಲಿ ಕಂಡಕ್ಟರು ಎಲ್ಲರ ಮುಂದೆ, "ಯಾರ್ರೀ ಅದು ಕೊಳೆತ ಮೊಟ್ಟೆ ಬುಟ್ಟಿ ತಂದಿರೋದು? ಇಳೀರಿ, ಲಗೇಜು ಚಾರ್ಜು ಆಗುತ್ತೆ!" ಎಂದು ಕೂಗಿದ. ಬುಟ್ಟಿ ಹುಡುಕುವವನ ಹಾಗೆ ನಾನೂ ಸೀಟಿನ ಕೆಳಗೆ ಬಗ್ಗಿ ನೋಡಿದೆ.

ಆ ಗುಲಾಬಿ ದ್ರಾವಣ ಮರದ ತೊಟ್ಟಿಗೆ ಹೋಗುತ್ತದೆ. ತೊಟ್ಟಿಯಲ್ಲಿ ಕ್ಯಾನ್ವಾಸ್ ಚೀಲಗಳೊಳಗೆ ಸೀಸದ ಹಲಗೆಗಳು, ಅವುಗಳ ನಡುನಡುವೆ ಸ್ಟೇನ್‌ಲೆಸ್ ಸ್ಟೀಲಿನ ತಗಡುಗಳು. ಮೇಲೆ ಅಡ್ಡಲಾಗಿ ತಾಮ್ರದ ದಪ್ಪ ಪಟ್ಟಿಗಳು. ಕರೆಂಟು ಅವುಗಳ ಮೂಲಕ ತಗಡಿಗೆ ಇಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆಗೆ ತಗಡಿನ ಮೇಲೆ ಮ್ಯಾಂಗನೀಸ್ ಪದರ ಕೂರುತ್ತದೆ. ಬೆಳಿಗ್ಗೆ ಎಂಟಕ್ಕೆ ಕರೆಂಟು ನಿಲ್ಲಿಸಿ ತಗಡುಗಳನ್ನು ಎತ್ತುತ್ತಿದ್ದೆವು. ನಾನು, ಮೇಸ್ತ್ರಿ ಅವನ್ನು ಹಿತ್ತಲಿನ ತೊಳೆಮನೆಗೆ ಹೊತ್ತೊಯ್ದು, ತೊಳೆದು, ಬಗ್ಗಿಸಿ, ಮರದ ಸುತ್ತಿಗೆಯಿಂದ ತಟ್ಟಿ ಲೋಹ ಬಿಡಿಸುತ್ತಿದ್ದೆವು. ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಯಡಿಯೂರಮ್ಮ ತೊಟ್ಟಿಮನೆಯನ್ನು ಗುಡಿಸಿ ಒರೆಸಿ ಇಡುತ್ತಿದ್ದರು. ಬೇರೆ ತಗಡು ಇಳಿಬಿಟ್ಟು ಮತ್ತೆ ಕರೆಂಟು.

ಮೊದಲ ಎರಡು ವಾರ ಚೀಲಗಳೇ ತಿಂದವು. ದರ್ಜಿ ಹೊಲಿದುಕೊಟ್ಟ ಹೊಸ ಕ್ಯಾನ್ವಾಸಿನಲ್ಲಿ ಗಂಜಿ ಇತ್ತು, ದ್ರಾವಣ ಹಾಯುತ್ತಿರಲಿಲ್ಲ. ಒಂದು ದಿನವೆಲ್ಲ ಬಿಸಿನೀರಿನಲ್ಲಿ ಬೇಯಿಸಿ ಗಂಜಿ ತೆಗೆದ ಮೇಲೆ ಅದು ಸರಿಹೋಯಿತು. ಮೊದಲ ಸಲ ಬೆಳ್ಳಿಯಂತಹ ಲೋಹ ತಗಡಿನಿಂದ ಚೂರುಚೂರಾಗಿ ಉದುರಿದ ದಿನ ಒಂದು ಚೂರನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅವರು ಅದನ್ನು ಉಗುರಿನಿಂದ ಕೆರೆದು, ಕಲ್ಲಿಗೆ ಕುಟ್ಟಿ, "ಕಲ್ಲೊಳಗೆ ಇದಿತ್ತಾ? ಇಷ್ಟ್ ವರ್ಷ ಕಲ್ಲು ಒಡೆದಿದ್ದೀನಿ, ನನ್ ಕಣ್ಣಿಗ್ ಬೀಳ್ಲಿಲ್ವಲ್ಲೋ," ಎಂದರು.

ಆಮೇಲೆ ಶುರುವಾಯಿತು ಕಾಟ. ನಾಲ್ಕು ದಿನ ಚೆನ್ನಾಗಿ ಬಂದ ಲೋಹ ಐದನೇ ದಿನ ಸೊರ್ ಎಂದಿತು. ತಗಡು ಎತ್ತಿದರೆ ಮೈತುಂಬ ಕಪ್ಪು ಚುಕ್ಕೆ, ಅಂಚೆಲ್ಲ ತಿಂದುಹೋಗಿದೆ. ತೊಟ್ಟಿ ಖಾಲಿ ಮಾಡಿ, ಅದಿರಿನ ಗುಡ್ಡೆ ಬದಲಾಯಿಸಿ ಮತ್ತೆ ಶುರುಮಾಡಿದೆ. ಆ ಸಲ ಮೂರನೇ ದಿನವೇ ಕೆಟ್ಟಿತು. ಸಲ್ಫೈಡು ಹೆಚ್ಚು ಹಾಕಿ, ಸೋಸಿದ್ದನ್ನೇ ಎರಡು ಸಲ ಸೋಸಿದೆ. ಆರನೇ ದಿನ ಕೆಟ್ಟಿತು. ಬಾವಿ ನೀರು ಬಿಟ್ಟು ನಲ್ಲಿ ನೀರು ತಂದೆ. ನಾಲ್ಕನೇ ದಿನ ಕೆಟ್ಟಿತು. ನನ್ನ ನೋಟ್‌ಬುಕ್ಕಿನಲ್ಲಿ ಅಂದಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದೆ: ಮೂರನೇ ಪ್ರಯೋಗ, ಐದನೇ ದಿನ, ನಾಲ್ಕನೇ ಪ್ರಯೋಗ, ಮೂರನೇ ದಿನ. ಆ ಅಂಕಿಗಳಲ್ಲಿ ತಲೆಬುಡ ಕಾಣಲಿಲ್ಲ.

ಒಂದು ಬೆಳಿಗ್ಗೆ ಕಪ್ಪು ತಗಡನ್ನು ಹೊತ್ತುಕೊಂಡು ಹೋಗುವಾಗ ಮೇಸ್ತ್ರಿ ಹೇಳಿದ: "ಸಾರ್, ಬೇಜಾರ್ ಮಾಡ್ಕೋಬೇಡಿ. ಇದು ಶನಿವಾರ ಕೆಡೋದು."

"ಏನು?"

"ಶನಿವಾರ ಸಾರ್. ನೋಡಿ, ಇವತ್ತೂ ಶನಿವಾರ. ಶನಿಮಹಾತ್ಮಂಗೆ ಒಂದು ಎಳ್ಳೆಣ್ಣೆ ದೀಪ ಹಚ್ಚಿಸ್ಬಿಡೋಣ. ಕಪ್ಪು ಬಣ್ಣ ಅವಂದೇ ಅಲ್ವಾ?"

ನಾನು ನಕ್ಕೆ. ನಗು ಸಾಲದೆಂದು, "ಮೇಸ್ತ್ರಿ, ಕೆಮಿಸ್ಟ್ರಿಗೆ ವಾರ ಗೊತ್ತಾಗಲ್ಲ. ನೀವು ಮೋಟರು ನೋಡ್ಕೊಳ್ಳಿ," ಎಂದೆ. ಅವನು ತಗಡಿನ ತನ್ನ ಕಡೆಯ ತುದಿ ಹಿಡಿದು ನಡೆದ. ಆ ಮಾತನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಗಡುವಿಗೆ ಮೂರು ವಾರವಷ್ಟೇ ಉಳಿದಿದ್ದಾಗ ಮಾಲೀಕರು ಬಂದರು. ಕಪ್ಪು ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಏನಪ್ಪಾ ಸೈಂಟಿಸ್ಟು, ಅದಿರು ತಂದಾಗ್ಲೂ ಕಪ್ಪಿತ್ತು, ನೀನು ಕೊಟ್ಟಾಗ್ಲೂ ಕಪ್ಪು. ಮಧ್ಯದಲ್ಲಿ ನನ್ ಕರೆಂಟು ಎಲ್ಲಿಗ್ ಹೋಯ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ಪ್ರೊಫೆಸರು ಮಾರನೆಯ ದಿನ, ಭಾನುವಾರವಾದರೂ ಬಂದರು. ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಸೋಸಿದ ದ್ರಾವಣವನ್ನು ನಾನು ದಿನಕ್ಕೆ ಎರಡು ಸಲ ಪರೀಕ್ಷಿಸಿದ್ದೆ. ತಾಮ್ರವಿಲ್ಲ, ನಿಕ್ಕಲ್ ಇಲ್ಲ, ಕೋಬಾಲ್ಟ್ ಇಲ್ಲ. ಪುಟಪುಟಕ್ಕೂ ಇಲ್ಲ, ಇಲ್ಲ, ಇಲ್ಲ.

"ತುಂಬ ಚೆನ್ನಾಗಿ ಬರೆದಿದ್ದೀಯಪ್ಪ," ಎಂದರು. "ತೊಟ್ಟಿಗೆ ಹೋಗೋ ನೀರು ಶುದ್ಧ ಅಂತ ನಲವತ್ತು ಸಲ ಸಾಬೀತು ಮಾಡಿದ್ದೀಯ. ತೊಟ್ಟಿ ಒಳಗಿರೋ ನೀರನ್ನ ಎಷ್ಟು ಸಲ ನೋಡಿದ್ದೀಯ?"

ಒಂದು ಸಲವೂ ನೋಡಿರಲಿಲ್ಲ. ಶುದ್ಧವಾದದ್ದನ್ನು ಹಾಕಿದ ಮೇಲೆ ಒಳಗೆ ಕೆಡುವುದಕ್ಕೆ ಏನಿದೆ ಎಂಬುದು ನನ್ನ ತರ್ಕ.

"ಅಡುಗೆಗೆ ಹಾಕೋ ಬೇಳೆ ಆರಿಸಿದ್ರೆ ಸಾಲದು. ಪಾತ್ರೆ ಒಳಗೂ ಬಗ್ಗಿ ನೋಡ್ಬೇಕು," ಎಂದು ಹೇಳಿ ಕೊಡೆ ಎತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಅವರು ಹೋದ ಮೇಲೆ ತೊಟ್ಟಿಯಿಂದ ಒಂದು ಲೋಟ ದ್ರಾವಣ ತೆಗೆದು ತಾಮ್ರಕ್ಕೆ ಪರೀಕ್ಷಿಸಿದೆ. ಗಾಜಿನ ನಳಿಕೆಯಲ್ಲಿ ಕಂದು ಹಳದಿ ಬಣ್ಣ ಎದ್ದಿತು. ಮತ್ತೆ ಮಾಡಿದೆ, ಮತ್ತೆ ಅದೇ ಬಣ್ಣ. ತಾಮ್ರ ಇದೆ. ಚಿಟಿಕೆಯಷ್ಟು ತಾಮ್ರ ಸಾಕು, ಅದು ತಗಡಿನ ಮೇಲೆ ಕೂತು ಸುತ್ತಲಿನ ಮ್ಯಾಂಗನೀಸನ್ನು ಕರಗಿಸುತ್ತ ಹೋಗುತ್ತದೆ. ಆದರೆ ಎಲ್ಲಿಂದ ಬಂತು? ತೊಟ್ಟಿಯನ್ನು ಬಸಿದು ಚೀಲಗಳನ್ನು ಒಂದೊಂದಾಗಿ ಹೊರತೆಗೆದೆ. ಮೂರನೇ ಚೀಲದ ಹೊಲಿಗೆಗೆ ಒಂದು ಕಂದು ನಾರು ಅಂಟಿಕೊಂಡಿತ್ತು. ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದೆ, ಮೂಸಿದೆ. ಹುಣಸೆಹಣ್ಣಿನ ನಾರು.

ಯಾರೋ ಇಲ್ಲಿ ಕೂತು ಊಟ ಮಾಡುತ್ತಾರೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ನಿಧಾನವಾಗಿ ತಲೆಯೆತ್ತಿ ತೊಟ್ಟಿಯ ಮೇಲಿನ ತಾಮ್ರದ ಪಟ್ಟಿಗಳನ್ನು ನೋಡಿದೆ. ಅಮೋನಿಯಾದ ಆವಿಗೆ ವಾರದೊಳಗೆ ಹಸಿರು ಕಿಲುಬು ಹಿಡಿಯಬೇಕಾದ ಪಟ್ಟಿಗಳು ಹೊಳೆಯುತ್ತಿದ್ದವು. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು, ಕೆಟ್ಟ ದಿನಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತ ಹೋದೆ. ಸುತ್ತುಗಳು ಒಂದರ ಕೆಳಗೊಂದು ಸಾಲಾಗಿ ಕೂತವು. ಎಲ್ಲವೂ ಶನಿವಾರ. ಪ್ರತಿ ಸಲ ವಾರದ ಬೇರೆ ಬೇರೆ ದಿನ ಪ್ರಯೋಗ ಶುರುಮಾಡುತ್ತಿದ್ದುದರಿಂದ ನನ್ನ ಲೆಕ್ಕದಲ್ಲಿ ಅದು ಐದನೇ ದಿನ, ಮೂರನೇ ದಿನ ಎಂದಾಗಿತ್ತು. ಕೆಮಿಸ್ಟ್ರಿಗೆ ವಾರ ಗೊತ್ತಾಗಲಿಲ್ಲ, ನಿಜ. ಮೇಸ್ತ್ರಿಗೆ ಗೊತ್ತಾಗಿತ್ತು.

ತೊಟ್ಟಿಗೆ ಹೊಸ ದ್ರಾವಣ ತುಂಬಿ ಎಂದಿನಂತೆ ನಡೆಸಿದೆವು. ಮುಂದಿನ ಶುಕ್ರವಾರ ತಗಡು ಹೊತ್ತು ತೊಳೆಮನೆಗೆ ಹೋದವನು ಅವನ್ನು ಮೇಸ್ತ್ರಿಯ ಕೈಗೆ ಬಿಟ್ಟು ಹಿಂದಿರುಗಿ ಬಾಗಿಲಲ್ಲಿ ನಿಂತೆ. ಯಡಿಯೂರಮ್ಮ ತಲೆಗೆ ನೀರು ಹಾಕಿಕೊಂಡು ಬಂದಿದ್ದರು, ಮುಡಿಯಲ್ಲಿ ಕನಕಾಂಬರ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗೈಯಲ್ಲಿ ಹುಣಸೆಹಣ್ಣಿನ ಉಂಡೆ ಹಿಡಿದು, ತಾಮ್ರದ ಪಟ್ಟಿಯನ್ನು ತಿಕ್ಕುತ್ತಿದ್ದರು. ಹಸಿರು ಕಿಲುಬು ಹುಳಿಯಲ್ಲಿ ಕರಗಿ ಹನಿಹನಿಯಾಗಿ ತೊಟ್ಟಿಗೆ ಇಳಿಯುತ್ತಿತ್ತು. ಕೊನೆಗೆ ಒಂದು ಚೊಂಬು ನೀರು ಸುರಿದರು. ಅದೂ ತೊಟ್ಟಿಗೇ. ಪಟ್ಟಿ ಬಂಗಾರದ ಹಾಗೆ ಹೊಳೆಯಿತು.

ನನ್ನನ್ನು ಕಂಡು ನಕ್ಕರು. "ಯಾಕ್ ಸಾಮಿ ಅಂಗ್ ನಿಂತ್ಕಂಡ್ರಿ?"

"ಇದನ್ನ ಯಾವಾಗಿಂದ ಮಾಡ್ತಿದ್ದೀರಮ್ಮ?"

"ಸುರುವಿಂದ್ಲೂ. ಸುಕ್ರವಾರ ಸುಕ್ರವಾರ. ನಮ್ಮನೆ ದ್ಯಾವ್ರ ಸಾಮಾನ್ ತಿಕ್ಕಿ, ಉಳಿದ್ ಉಣ್ಸೇಣ್ಣು ಇಲ್ಲೀಗ್ ತತ್ತೀನಿ."

"ನಿಮಗೆ ಉಪ್ಪುಕಾಗದ ಕೊಟ್ಟಿದ್ವಲ್ಲ, ಉಜ್ಜೋದಕ್ಕೆ."

"ಅದ್ರಲ್ಲಿ ಗೀರ್ ಬೀಳ್ತದೆ ಸಾಮಿ. ನೀವೇ ಏಳಿದ್ರಲ್ಲ, ದ್ಯಾವ್ರ ಚೊಂಬ್ ಇದ್ದಂಗ್ ಒಳೀಬೇಕು ಅಂತ? ದ್ಯಾವ್ರ ಚೊಂಬ್ನ ಯಾರಾರ ಉಪ್ಕಾಗ್ದದಲ್ ಉಜ್ತಾರಾ?"

ಹೇಳಿದ್ದೆ. ಮೊದಲ ದಿನವೇ ಹೇಳಿದ್ದೆ. ಪಟ್ಟಿ ಕಪ್ಪಾದರೆ ಕರೆಂಟು ಪೋಲಾಗುತ್ತದೆ ಎಂದು ವಿವರಿಸಿದರೆ ಇವರಿಗೆ ಅರ್ಥವಾಗದು ಎಂದುಕೊಂಡು, ದೊಡ್ಡ ಜಾಣನ ಹಾಗೆ ದೇವರ ಚೊಂಬಿನ ಹೋಲಿಕೆ ಕೊಟ್ಟಿದ್ದೆ. ಅವರು ಅದನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡು, ವಾರ ತಪ್ಪದೆ, ಶುಚಿಯಾಗಿ ಬಂದು ನಡೆಸುತ್ತಿದ್ದರು.

"ಏನಾರ ತಪ್ಪಾಯ್ತಾ?" ಎಂದರು. ಅಂಗೈಯಲ್ಲಿ ಹುಣಸೆ ಉಂಡೆ ಹಾಗೇ ಇತ್ತು.

"ತಪ್ಪು ನಿಮ್ಮದಲ್ಲ," ಎಂದೆ.

ಅವತ್ತು ಬೇಕೆಂದೇ ಆ ತೊಟ್ಟಿಗೇ ತಗಡು ಇಳಿಬಿಟ್ಟೆವು. ಶನಿವಾರ ಬೆಳಿಗ್ಗೆ ಸೊರ್ ಎಂದಿತು. ಆ ಸದ್ದು ಕೇಳಿ ಮೊದಲ ಸಲ ನನಗೆ ಜೀವ ಬಂದ ಹಾಗಾಯಿತು.

ಮಾಲೀಕರಿಗೆ ಹೇಳಲೇಬೇಕಿತ್ತು. ತೊಟ್ಟಿ ತೊಳೆದು ಎಲ್ಲ ಹೊಸದಾಗಿ ಶುರುಮಾಡುವುದಕ್ಕೆ ಅವರ ಒಪ್ಪಿಗೆ ಬೇಕು. ಅಂದೇ ಬಂದರು. ಪ್ರೊಫೆಸರು, ಮೇಸ್ತ್ರಿ ಇಬ್ಬರೂ ಇದ್ದರು. ಯಡಿಯೂರಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬೆಳಗಿನಿಂದ ಪೊರಕೆ ಮುಟ್ಟಿರಲಿಲ್ಲ.

"ಎರಡು ತಿಂಗಳು!" ಎಂದರು ಮಾಲೀಕರು. "ಎರಡು ತಿಂಗಳು ಒಂದು ಹೆಂಗಸು ನನ್ ತೊಟ್ಟಿಗೆ ಸಾರಿನ ಹುಳಿ ಹಿಂಡಿದ್ದಾಳೆ. ಯಾರಯ್ಯ ಹೇಳಿದ್ದು ಅವಳಿಗೆ? ಇವತ್ತೇ ಮನೆಗ್ ಕಳ್ಸು."

ಆ ಒಂದು ಕ್ಷಣ ಸುಮ್ಮನಿದ್ದಿದ್ದರೆ ಸಾಕಿತ್ತು. ನಾನು ಹಂಗಾಮಿ ನೌಕರ. ನನ್ನ ಕೆಲಸವೂ ಅವರ ನಾಲಿಗೆಯ ಮೇಲೇ ಇತ್ತು. ಬೇರೆಯವರ ಅಂಗಳದ ಕಲ್ಲು ಕಡಿದು ನನ್ನನ್ನು ಓದಿಸಿದ ಅಪ್ಪನ ಮುಖ ಎದುರಿಗೆ ಬಂತು. ಒಬ್ಬ ಗುತ್ತಿಗೆದಾರ ಕೊಟ್ಟ ತಪ್ಪು ಅಳತೆಗೆ ಕಲ್ಲು ಕಡಿದು, ಆ ತಪ್ಪನ್ನು ತಮ್ಮ ತಲೆಗೆ ಕಟ್ಟಿಸಿಕೊಂಡು ಅವರು ಮನೆಗೆ ಬಂದ ಸಂಜೆಯೊಂದು ನನಗೆ ನೆನಪಿತ್ತು.

"ಹೇಳಿದ್ದು ನಾನು ಸಾರ್," ಎಂದೆ. "ದೇವರ ಚೊಂಬಿನ ಹಾಗೆ ಹೊಳೀಬೇಕು ಅಂದೆ. ಯಾಕೆ ಅಂತ ಹೇಳ್ಲಿಲ್ಲ, ಆಮೇಲೆ ನೋಡ್ಲೂ ಇಲ್ಲ. ತೊಟ್ಟಿ ನೀರನ್ನ ಪರೀಕ್ಷೆ ಮಾಡಿದ್ರೆ ಮೊದಲ ವಾರವೇ ಗೊತ್ತಾಗ್ತಿತ್ತು. ಶನಿವಾರ ಕೆಡುತ್ತೆ ಅಂತ ಮೇಸ್ತ್ರಿ ಹೇಳಿದ್ರು, ಅವರ ಮೇಲೆ ನಕ್ಕೆ. ಕಳಿಸೋದಾದ್ರೆ ನನ್ನ ಕಳಿಸಿ. ಆ ಅಮ್ಮ ಮಾತ್ರ ಇರ್ಲಿ. ಇಲ್ಲಿ ಹೇಳಿದ ಕೆಲಸ ಒಂದು ದಿನವೂ ತಪ್ಪಿಸದೆ ಮಾಡಿರೋರು ಅವರೊಬ್ಬರೇ."

ಮಾಲೀಕರು ಪ್ರೊಫೆಸರ ಕಡೆ ನೋಡಿದರು. ಪ್ರೊಫೆಸರು ಕನ್ನಡಕ ಒರೆಸುತ್ತ, "ಎರಡು ತಿಂಗಳಿಂದ ನಮಗೆ ಗೊತ್ತಿಲ್ಲದೇ ಇದ್ದದ್ದು ಇವತ್ತು ಗೊತ್ತಾಗಿದೆ. ಗೊತ್ತಾಗಿರೋ ದಿನ ಯಾರನ್ನಾದ್ರೂ ಕಳಿಸ್ತಾರೇನ್ರೀ?" ಎಂದರು.

ಮಾಲೀಕರು ಸ್ವಲ್ಪ ಹೊತ್ತು ಷೆಡ್ಡಿನಲ್ಲಿ ಅತ್ತಿಂದಿತ್ತ ಓಡಾಡಿದರು. "ಬರೋ ವಾರ ಬಿಟ್ಟು ಅದರ ಮುಂದಿನ ಶನಿವಾರ ಬೆಳಿಗ್ಗೆ ಆ ಎಂಜಿನಿಯರುಗಳನ್ನ ಕರ್ಕೊಂಡ್ ಬರ್ತೀನಿ. ಇಲ್ಲೇ ಇರು. ನಿನ್ ಹುಣಸೆಹಣ್ಣೂ ಇರ್ಲಿ," ಎಂದು ಹೊರಟರು.

ಶನಿವಾರ ಬೆಳಿಗ್ಗೆ ಎತ್ತುವ ತಗಡು ಹತ್ತನೆಯದಾಗಬೇಕಾದರೆ ಮೊದಲನೆಯದನ್ನು ಬರುವ ಗುರುವಾರ ಎತ್ತಬೇಕು. ಅಂದರೆ ಬುಧವಾರ ಕರೆಂಟು ಹರಿಯಬೇಕು. ಒಂದು ದಿನವೂ ಕೈಯಲ್ಲಿ ಉಳಿಯುವುದಿಲ್ಲ. ಹತ್ತು ದಿನದೊಳಗೆ ಎರಡು ಶನಿವಾರ. ಭಾನುವಾರದಿಂದಲೇ ಕೂತೆವು. ಚೀಲಗಳನ್ನು ಬೇಯಿಸಿದೆವು. ತೊಟ್ಟಿಯನ್ನು ಉಜ್ಜಿ ತೊಳೆದೆವು. ಪಟ್ಟಿಗಳಿಂದ ಏನೂ ಹನಿಯದ ಹಾಗೆ ಮೇಸ್ತ್ರಿ ತೊಟ್ಟಿಗೆ ಮರದ ಮುಚ್ಚಳ ಮಾಡಿದ. ಇನ್ನೊಂದು ಜೊತೆ ಪಟ್ಟಿ ಹೆಚ್ಚಿಗೆ ಕಡಿಸಿ, ಎಲ್ಲವೂ ಬೋಲ್ಟು ಬಿಚ್ಚಿದರೆ ಕೈಗೆ ಬರುವ ಹಾಗೆ ಮಾಡಿದ.

ಆ ಒಂದು ಜೊತೆ ಹೆಚ್ಚಿನ ಪಟ್ಟಿ ನನ್ನ ನಿರ್ಧಾರ. ಪ್ರೊಫೆಸರು ಹುಣಸೆಹಣ್ಣನ್ನೇ ಬಿಡಿಸೋಣ ಎಂದಿದ್ದರು. ನಾನು ವೋಲ್ಟ್‌ಮೀಟರ್ ಹಿಡಿದು ಎರಡು ಪಟ್ಟಿ ಅಳೆದೆ. ಉಪ್ಪುಕಾಗದದಲ್ಲಿ ಉಜ್ಜಿದ್ದಕ್ಕಿಂತ ಯಡಿಯೂರಮ್ಮ ತಿಕ್ಕಿದ ಪಟ್ಟಿಯಲ್ಲಿ ಕರೆಂಟು ಪೋಲಾಗುವುದು ಕಡಿಮೆಯಿತ್ತು. ಕೆಲಸ ಸರಿಯಾಗಿಯೇ ಇತ್ತು, ಜಾಗ ತಪ್ಪಿತ್ತು ಅಷ್ಟೆ. ಹಾಗಾಗಿ ಪಟ್ಟಿ ಬಿಚ್ಚಿ ಅಂಗಳಕ್ಕೆ ಒಯ್ಯುವುದು, ಅಲ್ಲಿ ಹುಣಸೆಹಣ್ಣು, ಮೂರು ಸಲ ನೀರು, ಒಣಬಟ್ಟೆ, ಆಮೇಲೆ ಒಳಗೆ ಎಂದು ಕ್ರಮ ಬರೆದೆವು. ಈ ಸಲ ಕರೆಂಟು ಯಾಕೆ ಪೋಲಾಗುತ್ತದೆ, ತಾಮ್ರದ ಹನಿ ಏನು ಮಾಡುತ್ತದೆ ಎಂದು ಅವರಿಗೆ ಕೂರಿಸಿ ಹೇಳಿದೆ. ಪೂರ್ತಿ ಕೇಳಿ, "ಇದ್ನ ಮೊದ್ಲೇ ಯೋಳೋದಲ್ವಾ ಸಾಮಿ? ನಂಗೇನ್ ತಿಳಿಯಾಕಿಲ್ವಾ?" ಎಂದರು.

ಗುರುವಾರ ಮೊದಲ ತಗಡು ಚೆನ್ನಾಗಿ ಬಂತು. ಶುಕ್ರವಾರ ಯಡಿಯೂರಮ್ಮ ಅಂಗಳದಲ್ಲಿ ಪಟ್ಟಿ ತಿಕ್ಕಿದರು. ಮೂರು ಸಲ ಸಾಲದೆಂದು ಐದು ಸಲ ನೀರು ಹಾಕಿದರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ತೊಟ್ಟಿಯ ಮುಚ್ಚಳಕ್ಕೆ ಕಿವಿಯಿಟ್ಟು ತುಂಬ ಹೊತ್ತು ಕೇಳಿ, "ಮಾತಾಡ್ತಿಲ್ಲ ಸಾರ್," ಎಂದ. ಎತ್ತಿದೆವು. ಬೂದು ಹೊಳಪು. ಒಂದು ಚುಕ್ಕೆಯಿಲ್ಲ.

ಎರಡನೇ ಶನಿವಾರ ಎಂಜಿನಿಯರುಗಳ ಕಣ್ಣೆದುರೇ ಹತ್ತನೇ ದಿನದ ತಗಡು ಎತ್ತಿದೆವು. ನೀರು ಸುಮ್ಮನೆ ಇಳಿದುಹೋಯಿತು. ಬಗ್ಗಿಸಿ ತಟ್ಟಿದಾಗ ಲೋಹ ಚೂರುಚೂರಾಗಿ ತಟ್ಟೆಗೆ ಬಿತ್ತು. ಎಂಜಿನಿಯರುಗಳು ಹತ್ತು ದಿನದ ಹತ್ತು ಪೊಟ್ಟಣಗಳಿಂದಲೂ ಮಾದರಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಯಡಿಯೂರಮ್ಮನನ್ನು ನೋಡಿ ಅವರಲ್ಲೊಬ್ಬರು, "ಇವರು ಯಾರು?" ಎಂದು ಕೇಳಿದರು. ಮಾಲೀಕರು ಗಂಟಲು ಸರಿಮಾಡಿಕೊಂಡು, "ಇವ್ರು... ನಮ್ಮ ಪಟ್ಟಿಗಳ ಇನ್‌ಚಾರ್ಜು," ಎಂದರು.

ಷೆಡ್ಡಿಗೆ ಬೀಗ ಬೀಳಲಿಲ್ಲ. ನನ್ನ ಕೆಲಸ ಖಾಯಂ ಆಯಿತು. ಆ ವರ್ಷದ ಕೊನೆಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿಸಿದೆ. ಅವನು ಕೈಮುಗಿದು ನಿಂತವನು ಪಕ್ಕಕ್ಕೆ ತಿರುಗಿ, "ಕೆಮಿಸ್ಟ್ರಿ ಒಪ್ಪುತ್ತಾ ಸಾರ್ ಇದನ್ನ?" ಎಂದು ಮೆಲ್ಲಗೆ ಕೇಳಿದ. ಇಬ್ಬರೂ ದೇವರ ಮುಂದೆಯೇ ನಕ್ಕೆವು.

ಪ್ರೊಫೆಸರು, ಮೇಸ್ತ್ರಿ, ಯಡಿಯೂರಮ್ಮ ಮೂವರೂ ಈಗಿಲ್ಲ. ಆಮೇಲೆ ಬೇರೆ ಕಡೆ, ಇನ್ನೂ ದೊಡ್ಡ ತೊಟ್ಟಿಗಳ ಮುಂದೆ ನಿಂತು ಬಹಳ ವರ್ಷ ಕೆಲಸ ಮಾಡಿದೆ. ಎಲ್ಲಿ ಹೋದರೂ ಮೊದಲು ತೊಟ್ಟಿಯೊಳಗಿನ ನೀರು ನೋಡಿದೆ, ಆಮೇಲೆ ಅದನ್ನು ತೊಳೆಯುವವರ ಹತ್ತಿರ ಹೋಗಿ ಮಾತಾಡಿದೆ. ಹಳೆಯ ನೋಟ್‌ಬುಕ್ಕು ಇನ್ನೂ ನನ್ನಲ್ಲಿದೆ. ಆ ಹತ್ತು ದಿನದ ಪುಟಗಳಿಂದ ಮುಂದೆ, ಪ್ರತಿ ತಾರೀಖಿನ ಪಕ್ಕದಲ್ಲೂ ವಾರದ ಹೆಸರಿದೆ. ಹತ್ತನೇ ದಿನದ ಪುಟದಲ್ಲಿ ಅಳತೆ, ಅಂಕಿ ಏನೂ ಇಲ್ಲ. ಒದ್ದೆ ಕೈಯಲ್ಲಿ ಬರೆದದ್ದಕ್ಕೆ ಮಸಿ ಸ್ವಲ್ಪ ಹರಡಿದೆ, ಆದರೂ ಓದಬಹುದು: "ಶನಿವಾರ. ಸದ್ದಿಲ್ಲ."